ಗಾಜಿನ ಆಚೆ ತುದಿ

ಡ್ಯಾನ್ಸ್ ಕ್ಲಾಸಿನ ಕನ್ನಡಿ ಗೋಡೆಗೆ ಏರಿದ ಕೂಡಲೇ ಸಂಜೆಯ ಬಸ್ಸು ಹತ್ತಿ ಅಕ್ಕನ ಊರಿಗೆ ಹೋಗಿಬಿಡುವುದು, ಮತ್ತೆ ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಸಾಸಿವೆ ತೀರ್ಮಾನ ಮಾಡಿ ಆಗಿತ್ತು. ಬ್ಯಾಗು ಮನೆಗೆ ಹೊಂದಿಕೊಂಡ ಗಾಜಿನಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿತ್ತು. ಗಂಡನ ಕಣ್ಣಿಗೆ ಬೀಳಲಿ ಎಂದೇ ಅಲ್ಲಿಟ್ಟಿದ್ದಳು ಅನ್ನಿ. ಅವನು ಬೆಳಿಗ್ಗೆಯಿಂದ ಅದನ್ನು ದಾಟಿಕೊಂಡೇ ಓಡಾಡಿದ್ದ. ಒಂದು ಸಲ ಕಾಲಿಗೆ ತಾಗಿ ಅದು ಉರುಳಿದಾಗ ಬಗ್ಗಿ ನೆಟ್ಟಗೆ ನಿಲ್ಲಿಸಿಯೂ ಇದ್ದ. ‘ಹೋಗಬೇಡ’ ಎಂಬ ಒಂದು ಮಾತು ಮಾತ್ರ ಅವನ ಬಾಯಿಂದ ಹೊರಟಿರಲಿಲ್ಲ. ನೆಟ್ಟಗೆ ನಿಲ್ಲಿಸಿದನಲ್ಲ, ಅದನ್ನು ನೋಡಿ ಅವಳ ಮೈಯೆಲ್ಲ ಉರಿದುಹೋಗಿತ್ತು.

ಸಾಸಿವೆ ಎಂಬುದು ಬೀದಿಯವರು ಇಟ್ಟ ಹೆಸರು. ಎದುರಿಗೆ ಸಿಕ್ಕಾಗ ‘ಗಾಜಿನಂಗಡಿ ಅಕ್ಕ’, ಬೆನ್ನು ತಿರುಗಿದರೆ ಸಾಸಿವೆ. ಅವಳಿಗೆ ಅದು ಗೊತ್ತಿಲ್ಲದ ಗುಟ್ಟೇನೂ ಅಲ್ಲ. ಆಳು ಗಿಡ್ಡ, ಬಣ್ಣ ಕಪ್ಪು, ಕಾದರೆ ಸಿಡಿಯುವುದೂ ನಿಜ, ಪಾಪ ಇನ್ನೇನು ಅಂದಾರು ಎಂದು ತಾನೇ ನಗುತ್ತಿದ್ದಳು. ಸಿಟ್ಟಿಗೆ ಅವಳ ಮೂಗಿನ ತುದಿಯಲ್ಲೇ ವಾಸ. ಮೊದಲು ಕಿವಿ ಬಿಸಿಯಾಗುತ್ತಿತ್ತು, ಆಮೇಲೆ ಕುತ್ತಿಗೆ, ಆಮೇಲೆ ದನಿ ಏರುತ್ತಾ ಏರುತ್ತಾ ಎದುರಿನ ಸೈಕಲ್ ಅಂಗಡಿಯವನು ರೇಡಿಯೋ ಆರಿಸಿ ಕಿವಿ ಈ ಕಡೆ ತಿರುಗಿಸಿಕೊಳ್ಳುವಷ್ಟಾಗುತ್ತಿತ್ತು. ಆದರೆ ಕೂಗಿದ ಮೇಲೆ ಮುಗಿಯಿತು. ಮನಸ್ಸಿನಲ್ಲಿ ಒಂದು ಚೂರೂ ಉಳಿಯುತ್ತಿರಲಿಲ್ಲ. ಮೈ ಹಗುರ, ಹೊಟ್ಟೆ ಚುರುಚುರು. ತಟ್ಟೆ ಎಳೆದುಕೊಂಡು ಗಡದ್ದಾಗಿ ಉಂಡು, ತಲೆ ದಿಂಬಿಗೆ ತಾಗುವ ಮೊದಲೇ ಗೊರಕೆ ಹೊಡೆಯುತ್ತಿದ್ದಳು.

ಇನ್ನು ಅವಳ ಗಂಡ. ಬೀದಿಗೆಲ್ಲ ಅವನು ಗಾಜಿನಣ್ಣ. ಉದ್ದದ ಆಳು, ಬಾಗಿಲಿಗೆ ಬಂದರೆ ತಲೆ ತಗ್ಗಿಸಿಯೇ ಬರಬೇಕು. ಅವನಿಂದ ಒಂದು ಮಾತು ಬೇಕೆಂದರೆ ಅರ್ಜಿ ಹಾಕಿ ಕಾಯಬೇಕು ಎಂದು ಸಾಸಿವೆ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಅವಳು ಒಂದು ಶುರುಮಾಡಿದಳೋ, ಅವನು ನಿಂತಲ್ಲೇ ನಿಂತ. ಕೈ ಎರಡೂ ಪಕ್ಕಕ್ಕೆ, ಮುಖ ಗೋಡೆಯ ಕಡೆಗೆ, ಉಸಿರಾಡುತ್ತಿದ್ದಾನೋ ಇಲ್ಲವೋ ಎಂಬ ಅನುಮಾನ ಬರಬೇಕು ಹಾಗೆ. ಜಪ್ಪಯ್ಯ ಎಂದರೂ ತುಟಿ ಬಿಚ್ಚುತ್ತಿರಲಿಲ್ಲ. ಅವಳ ಕೂಗು ಮುಗಿಯಿತು ಎಂದು ಖಾತ್ರಿಯಾದ ಮೇಲೆ ಮೆಲ್ಲಗೆ ಹಿತ್ತಲಿನ ಕೊಟ್ಟಿಗೆಗೆ ಹೋಗಿ ಗಾಜಿನ ಅಂಚು ಉಜ್ಜುತ್ತಾ ಕೂರುತ್ತಿದ್ದ. ಸರ್, ಸರ್, ಸರ್. ಮನೆಯಲ್ಲಿ ಏನೂ ನಡೆದೇ ಇಲ್ಲವೇನೋ ಎಂಬಂತೆ. ಅಂಥ ದಿನ ಊಟ ಬೇಡ ಎನ್ನುತ್ತಿದ್ದ. ಬೆಳಿಗ್ಗೆ ಎದ್ದು ನೋಡಿದರೆ ಕುಡಿಯುವ ನೀರಿನ ಕೊಡ ಖಾಲಿ. ತುಂಬಿಸಿಟ್ಟ ಕೊಡ ಯಾರ ಹೊಟ್ಟೆಗೆ ಹೋಯಿತು ಎಂದು ಸಾಸಿವೆ ಅದಕ್ಕೊಂದು ಹೊಸ ಜಗಳ ತೆಗೆಯುತ್ತಿದ್ದಳು, ಅವನು ಮತ್ತೆ ಗೋಡೆ ನೋಡುತ್ತಿದ್ದ.

ಇಂಥ ಇಬ್ಬರು ಒಂದು ಸೂರಿನ ಕೆಳಗೆ ಇಷ್ಟು ವರ್ಷ ಹೇಗೆ ಬಾಳಿದರು ಎಂದರೆ, ಗಾಜು. ಗಾಜು ಹಿಡಿದಾಗ ಅವರನ್ನು ನೋಡಬೇಕಿತ್ತು ನೀವು. ಆ ಕೆಲಸಕ್ಕೆ ಅವರು ಹೊರಗಿನ ಆಳು ಕರೆದವರೇ ಅಲ್ಲ. ಒಂದು ತುದಿ ಅವನು, ಇನ್ನೊಂದು ತುದಿ ಅವಳು. ಬಾಗಿಲಿನಷ್ಟು ದೊಡ್ಡ ಗಾಜು ಹಿಡಿದು, ಜನ ತುಂಬಿದ ಬೀದಿಯಲ್ಲಿ, ಗಾಡಿಗಳ ನಡುವೆ, ಇಬ್ಬರೂ ಒಂದೇ ಹೆಜ್ಜೆ ಹಾಕಿಕೊಂಡು ಬರುತ್ತಿದ್ದರೆ ಜನ ನಿಂತು ನೋಡುತ್ತಿದ್ದರು. ಅವನು ಎಡಕ್ಕೆ ವಾಲುವ ಮೊದಲೇ ಅವಳಿಗೆ ತಿಳಿಯುತ್ತಿತ್ತು. ಅವಳಿಗೆ ಮೊಣಕೈ ಸೋತರೆ ಅವನು ತಾನಾಗಿ ನಿಧಾನ ಮಾಡುತ್ತಿದ್ದ. ಮನೆಯಲ್ಲಿ ಹಾವು ಮುಂಗುಸಿ, ಬೀದಿಯಲ್ಲಿ ಒಂದೇ ಜೀವ, ಇದೆಂಥ ಜೋಡಿಯೋ ಎಂದು ಸೈಕಲ್ ಅಂಗಡಿಯವನು ತಲೆ ಕೆರೆದುಕೊಳ್ಳುತ್ತಿದ್ದ. ಇವತ್ತಿನವರೆಗೆ ಇವರ ಕೈಯಿಂದ ಒಂದು ಗಾಜೂ ಬಿದ್ದಿರಲಿಲ್ಲ.

ಕಲಿಸಿದ್ದು ಮಾವ. ಗಂಡನ ಅಪ್ಪ, ಈಗಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಕೈಗೆ ಒಂದು ಕಿಟಕಿ ಗಾಜಿನ ತುದಿ ಕೊಟ್ಟು, ಮಗನನ್ನು ಇನ್ನೊಂದು ತುದಿಗೆ ನಿಲ್ಲಿಸಿ ಅಂಗಡಿಯ ಅಂಗಳದಲ್ಲಿ ನಡೆಸಿದ್ದ. “ನೋಡಮ್ಮ, ಗಾಜು ಬೀಳೋದು ಭಾರಕ್ಕಲ್ಲ, ನಡುಕಕ್ಕೆ. ನಡುಗ್ತಾ ಇದೆ ಅನ್ನಿಸ್ತೋ, ಅಲ್ಲೇ ನಿಂತ್ಬಿಡು. ಉಸಿರು ಹಿಡಿ. ತುಟಿ ಬಿಚ್ಚಬೇಡ. ನಡುಕ ತಾನಾಗೇ ನಿಲ್ಲುತ್ತೆ. ಇನ್ನೊಂದು, ಎತ್ತಿದ ಗಾಜು ಸೇರಬೇಕಾದ ಜಾಗಕ್ಕೇ ಸೇರಬೇಕು, ದಾರೀಲಿ ಇಳಿಸೋ ಹಾಗಿಲ್ಲ,” ಎಂದಿದ್ದ. ಮಗ ಅಷ್ಟು ಹೊತ್ತಿಗೆ ಆ ಪಾಠ ನೂರು ಸಲ ಕೇಳಿದ್ದ. ಅವನು ಚಿಕ್ಕವನಿದ್ದಾಗಿನಿಂದ ಆ ಮನೆಯಲ್ಲಿ ಕೇಳಿದ ಪಾಠ ಅದೊಂದೇ ಎಂದರೂ ತಪ್ಪಿಲ್ಲ. ಸಾಸಿವೆ ಪಾಠವನ್ನು ಅಂಗಡಿಯಲ್ಲಿ ಕಲಿತು ಅಂಗಡಿಯಲ್ಲೇ ಬಿಟ್ಟು ಬಂದಳು. ಮನೆಯಲ್ಲಿ ಅವಳ ಬಾಯಿ ಅವಳದು.

ಮಗಳು ಮನೆಯಲ್ಲಿ ಇರುವವರೆಗೆ ಹೇಗೋ ನಡೆಯಿತು. ಅಪ್ಪನ ಹತ್ತಿರ ಅಮ್ಮ ಹೀಗಂದಳು, ಅಮ್ಮನ ಹತ್ತಿರ ಅಪ್ಪ ಹೀಗಂದ ಎಂದು ಅರ್ಧ ತಾನೇ ಸೇರಿಸಿ ಆ ಹುಡುಗಿ ಕಾಲ ಹಾಕುತ್ತಿದ್ದಳು. ಅವಳೂ ಮದುವೆಯಾಗಿ ಹೋದಳು. ಮನೆಯಲ್ಲಿ ಉಳಿದದ್ದು ಸಾಸಿವೆಯ ಕೂಗು ಮತ್ತು ಗೋಡೆ.

ಆಮೇಲೆ ಆ ಆಸ್ಪತ್ರೆಯ ದಿನ ಬಂತು. ಟೀಪಾಯಿಯ ಗಾಜು ಒಂದನ್ನು ತಿರುಗಿಸುವಾಗ ಅಂಚು ಜಾರಿ ಸಾಸಿವೆಯ ಮುಂಗೈ ಸೀಳಿಹೋಯಿತು. ಗಂಡ ಟವಲು ಸುತ್ತಿ ಅವಳನ್ನು ಎತ್ತಿಕೊಂಡೇ ಓಡಿದ, ಅದೇನೋ ಸರಿ. ಆದರೆ ಒಳಗೆ ಡಾಕ್ಟರು ಹೊಲಿಗೆ ಹಾಕುತ್ತಿದ್ದಾಗ ಅವಳು ನೋವಿಗೆ ಹಲ್ಲು ಕಚ್ಚಿ ಗಂಡನ ಕಡೆ ನೋಡಿದರೆ, ಆ ಮಹಾರಾಯ ಬೆನ್ನು ತಿರುಗಿಸಿ ಕಿಟಕಿ ನೋಡುತ್ತಾ ನಿಂತಿದ್ದ. ಗಾಜು ಎಷ್ಟು ದಪ್ಪ ಎಂದು ಲೆಕ್ಕ ಹಾಕುತ್ತಿದ್ದಾನೆ ಎಂದೇ ಅವಳಿಗೆ ಅನ್ನಿಸಿತು. ಕೈಯ ಗಾಯ ಮಾಯಿತು. ಇದು ಮಾಯಲಿಲ್ಲ. ಈ ಮನುಷ್ಯನೊಳಗೆ ಏನೂ ಇಲ್ಲ, ನಾನು ಸತ್ತರೂ ಇವನು ಅಂಚು ಉಜ್ಜುತ್ತಾ ಕೂರುತ್ತಾನೆ ಎಂಬುದು ಅಂದಿನಿಂದ ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು.

ಇಷ್ಟರ ಮೇಲೆ ಬಂದಳು ಡ್ಯಾನ್ಸ್ ಟೀಚರು. ಹಳೆಯ ದೊಡ್ಡ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಹೊಸ ಕ್ಲಾಸು ತೆರೆಯುತ್ತಿದ್ದಾಳೆ, ಗೋಡೆ ತುಂಬ ಕನ್ನಡಿ ಬೇಕು, ಅದೂ ಒಂದೇ ತುಂಡು. ನಡುವೆ ಜೋಡಣೆ ಬಂದರೆ ಮಕ್ಕಳ ಮೈ ಎರಡು ತುಂಡಾಗಿ ಕಾಣುತ್ತದಂತೆ. ಲಿಫ್ಟಿನಲ್ಲಿ ಅದು ಹಿಡಿಯುವುದಿಲ್ಲ, ಮೆಟ್ಟಿಲ ಮೇಲೇ ಹೊತ್ತು ಏರಿಸಬೇಕು. ಸಾಸಿವೆ ಗಂಡನ ಮುಖ ನೋಡಿದಳು. “ಏನ್ರೀ, ಆಗುತ್ತಾ?” ಅವನು ಅಳತೆ ಟೇಪನ್ನು ಹೊರಗೆಳೆದ, ಬಿಟ್ಟ. ಸರಕ್ಕನೆ ಒಳಗೆ ಹೋಯಿತು. “ಹೇಳ್ರೀ.” ಮತ್ತೆ ಎಳೆದ, ಮತ್ತೆ ಸರಕ್. ಡ್ಯಾನ್ಸ್ ಟೀಚರು ಇಬ್ಬರನ್ನೂ ಮಿಕಮಿಕ ನೋಡಿದಳು. ಸಾಸಿವೆಗೆ ಮರ್ಯಾದೆ ಹೋದಂತಾಗಿ, “ಆಗುತ್ತೆ ಮೇಡಂ, ಯಾಕಾಗಲ್ಲ,” ಎಂದುಬಿಟ್ಟಳು.

ಆ ಸಂಜೆ ಮನೆಯಲ್ಲಿ ರಣರಂಗ. “ಆಗಲ್ಲ ಅಂದ್ರೆ ಆಗಲ್ಲ ಅನ್ನಿ, ಆಗುತ್ತೆ ಅಂದ್ರೆ ಆಗುತ್ತೆ ಅನ್ನಿ. ದೇವರು ಬಾಯಿ ಕೊಟ್ಟಿದಾನೆ ತಾನೇ? ಅಂಗಡಿಗೆ ಬಂದವರ ಮುಂದೆ ನನ್ನನ್ನ ಹುಚ್ಚಿ ಮಾಡ್ತೀರಲ್ಲ. ಇಷ್ಟು ವರ್ಷ ಈ ಗೋಡೆ ಹತ್ರ ಮಾತಾಡಿದ್ರೆ ಅದಾದ್ರೂ ಒಂದು ಪ್ರತಿಧ್ವನಿ ಕೊಡ್ತಿತ್ತು,” ಎಂದು ಅವಳು ಕೂಗಿದ ಕೂಗಿಗೆ ಸೈಕಲ್ ಅಂಗಡಿಯವನು ರೇಡಿಯೋ ಆರಿಸಿದ್ದಷ್ಟೇ ಅಲ್ಲ, ಬೀಗ ಹಾಕಿ ಮನೆಗೇ ಹೋದ. ಗಂಡ ನಿಂತಿದ್ದ. ಕೈ ಪಕ್ಕಕ್ಕೆ, ಮುಖ ಗೋಡೆಗೆ. ಸ್ವಲ್ಪ ಹೊತ್ತಿಗೆ ಹಿತ್ತಲಿನಿಂದ ಸರ್, ಸರ್ ಕೇಳಿಸಿತು. ಕೂಗಿದ ಮೇಲೂ ಸಾಸಿವೆಗೆ ಹಸಿವಾಗದೆ ಹೋದದ್ದು ಅದೇ ಮೊದಲು. ಫೋನು ತೆಗೆದು ಅಕ್ಕನಿಗೆ ಮಾಡಿದಳು.

ಅಕ್ಕನದು ಬೇರೆ ಊರಿನಲ್ಲಿ ಬೆಡ್‌ಶೀಟು, ಪರದೆ ಮಾರುವ ಅಂಗಡಿ. “ಬಂದ್ಬಿಡೇ,” ಎಂದಳು ಅಕ್ಕ, “ಎಷ್ಟು ದಿನ ಅಂತ ಆ ಕಲ್ಲಿನ ಜತೆ ಬಡಿದಾಡ್ತೀಯ? ನನ್ನಂಗಡೀಲಿ ಬಿದ್ರೆ ಒಡೆಯೋ ಸಾಮಾನು ಒಂದೂ ಇಲ್ಲ.” ಒಪ್ಪಿಕೊಂಡ ಕೆಲಸ ಮುಗಿಸಿ ಬರುತ್ತೇನೆ ಎಂದು ಸಾಸಿವೆ ಹೇಳಿದಳು. ಗಂಡನಿಗೂ ಹೇಳಿದಳು, ಎದುರು ನಿಂತು, ಕೂಗದೆ. “ಕನ್ನಡಿ ಏರಿಸಿದ ಮೇಲೆ ನಾನು ಹೊರಟೆ. ತಿರುಗಿ ಬರಲ್ಲ.” ಅವನ ಗಂಟಲ ಗಂಟು ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು. ಅಷ್ಟೇ.

ಹೀಗೆ ಬಂತು ಆ ದಿನ. ಕಟ್ಟಡದ ಮುಂದೆ ಗಾಡಿಯಿಂದ ಕನ್ನಡಿ ಇಳಿಸಿದಾಗ ದಾರಿಹೋಕರೆಲ್ಲ ಅದರಲ್ಲಿ ತಮ್ಮ ಮುಖ ನೋಡಿ ಕೂದಲು ಸರಿಮಾಡಿಕೊಂಡರು. ಆಳೆತ್ತರದ ಕನ್ನಡಿ, ಮಂಚಕ್ಕಿಂತ ಉದ್ದ. ಡ್ಯಾನ್ಸ್ ಟೀಚರು ಎರಡನೇ ಮಹಡಿಯ ಕಟಾಂಜನದಿಂದ ಬಗ್ಗಿ, “ಸಂಜೆಗೆ ತಂದೆತಾಯಿಗಳೆಲ್ಲ ಬರ್ತಾರೆ, ಸ್ವಲ್ಪ ಬೇಗ,” ಎಂದು ಮೇಲಿಂದ ಸುರಿಸಿದಳು. ಮೆಟ್ಟಿಲು ಅಗಲವಾಗಿತ್ತು, ಸದ್ಯ. ಸಾಸಿವೆ ಮೇಲಿನ ತುದಿ ಹಿಡಿದಳು. ಭಾರ ಬೀಳುವ ಕೆಳಗಿನ ತುದಿ ಎಂದಿನಂತೆ ಅವನದು. ಕನ್ನಡಿಯ ಮುಖ ಅವರ ಕಡೆಗೆ, ಬೆನ್ನು ಗೋಡೆಯ ಕಡೆಗೆ. “ಹ್ಞಾಂ,” ಎಂದ ಅವನು. ಎತ್ತಿದರು.

ಮೊದಲ ಕೆಲವು ಮೆಟ್ಟಿಲು ಏನೂ ಅನ್ನಿಸಲಿಲ್ಲ. ಕೈ ತಾನಾಗಿ ಕೆಲಸ ಮಾಡುತ್ತಿತ್ತು, ತಲೆ ಬಸ್ಸಿನಲ್ಲಿ ಕೂತಿತ್ತು. ಇದೇ ಕೊನೆ, ಇನ್ನು ಇವನ ಜೊತೆ ಗಾಜು ಹಿಡಿಯುವುದಿಲ್ಲ ಎಂದುಕೊಂಡಾಗ ಅಳು ಬಂತು. ಅದನ್ನು ಸಿಟ್ಟು ಎಂದೇ ಕರೆದು ನುಂಗಿಕೊಂಡಳು. ಆಗ ನೋಡಿ, ಕೈಯಲ್ಲಿ ಏನೋ ಆಯಿತು. ಗಾಜಿನೊಳಗೆ ಒಂದು ಸಣ್ಣ ನಡುಕ ಹರಿದು ಬಂದು ಅವಳ ಬೆರಳಿಗೆ ತಾಗಿತು. ಮೇಲೆ ತೂಗುಬಿದ್ದ ಬಲ್ಬು ಕನ್ನಡಿಯೊಳಗೆ ಗಡಗಡ ಅಲುಗುತ್ತಿತ್ತು. ಹೊರಗಿನ ಬಲ್ಬು ಮಾತ್ರ ತನ್ನ ಪಾಡಿಗೆ ನೆಟ್ಟಗಿತ್ತು.

ನನ್ನದೇ ಕೈ, ಎಂದುಕೊಂಡಳು ಸಾಸಿವೆ. ಸಿಟ್ಟಿಗೆ ಅವಳ ಕೈ ನಡುಗುವುದು ಹೊಸದಲ್ಲವಲ್ಲ. ಮಾವ ಹೇಳಿದಂತೆ ನಿಂತಳು, ಸೊಂಟ ಕಟಾಂಜನಕ್ಕೆ ಒತ್ತಿದಳು, ಉಸಿರು ಹಿಡಿದಳು. ಅವಳ ತೋಳು ಮರದ ಕೊರಡಿನಂತೆ ನಿಂತಿತು. ಗಾಜು ನಿಲ್ಲಲಿಲ್ಲ. ಇನ್ನೂ ಜೋರಾಯಿತು.

ಅಂದರೆ ನಡುಕ ಆಚೆ ತುದಿಯದು.

ಅವಳು ಕನ್ನಡಿಯೊಳಗೆ ನೋಡಿದಳು. ಮನೆಯಲ್ಲಿ ಜಗಳವಾದಾಗ ಅವನ ಮುಖ ಸಿಗುತ್ತಿರಲಿಲ್ಲ, ಗೋಡೆಗೆ ಹೋಗಿಬಿಡುತ್ತಿತ್ತು. ಇಲ್ಲಿ ಎಲ್ಲಿಗೆ ತಿರುಗಿಸುತ್ತಾನೆ? ಪೂರಾ ಮುಖ ಕನ್ನಡಿಯಲ್ಲಿತ್ತು. ಕಿವಿ ಎರಡೂ ಕೆಂಡ. ಕುತ್ತಿಗೆಯ ನರ ಕುಣಿಯುತ್ತಿತ್ತು. ತುಟಿ ಒಣಗಿ ಬಿಳಿಚಿಕೊಂಡಿತ್ತು, ಗಲ್ಲದ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಇದಕ್ಕಿಂತ ಭಾರದ ಗಾಜು ಹೊತ್ತಾಗಲೂ ಇಷ್ಟು ಬೆವರದ ಮನುಷ್ಯ ಇವನು.

ಮೊದಲ ಮಹಡಿಯ ತಿರುವು ಸಿಕ್ಕಿತು. ಅಲ್ಲಿ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಹೊರಗೆ ಬೆಂಚಿನ ಮೇಲೆ ಕೆನ್ನೆ ಹಿಡಿದುಕೊಂಡು ಕೂತ ಜನ.

“ಇಳಿಸಿ,” ಎಂದಳು ಸಾಸಿವೆ.

ಅವನು ತಲೆ ಅಲ್ಲಾಡಿಸಿದ. ದಾರಿಯಲ್ಲಿ ಇಳಿಸುವ ಪದ್ಧತಿ ಇಲ್ಲ.

“ಇಳಿಸಿ ಅಂದೆ. ಗಾಜು ನಡುಗ್ತಾ ಇದೆ.”

“ನಿನ್ನ ಕೈ...” ಎಂದ, ದನಿಯೇ ಹೊರಡದೆ.

“ನನ್ನ ಕೈ ನಂಗೊತ್ತಿಲ್ವಾ? ಇದು ನಿಮ್ಮದು.”

ಇಳಿಸಿದರು. ಭುಜಕ್ಕೆ ಹಾಕಿದ್ದ ಗೋಣಿಯನ್ನು ಅವನು ಮಡಿಸಿ ಕೆಳಗೆ ಹಾಸಿದ, ಕನ್ನಡಿಯನ್ನು ಗೋಡೆಗೆ ಒರಗಿಸಿದ. ಬೆಂಚಿನವರು ಊದಿದ ಕೆನ್ನೆಗಳ ಸಮೇತ ಕನ್ನಡಿಯಲ್ಲಿ ಸಾಲಾಗಿ ಕಂಡರು. ಸಾಸಿವೆ ಗ್ಲೌಸು ಕಿತ್ತೆಸೆದು ಗಂಡನ ಎದೆಯ ಮೇಲೆ ಅಂಗೈ ಇಟ್ಟಳು. ಅದರೊಳಗೆ ಯಾರೋ ಬಾಗಿಲು ಬಡಿಯುತ್ತಿದ್ದಂತಿತ್ತು. ಡವಡವ ಡವಡವ ಎಂದು ಅಂಗಿಯೇ ಎದ್ದು ಕೂರುತ್ತಿತ್ತು.

“ಅಯ್ಯೋ, ಏನಾಗ್ತಿದೆ ನಿಮಗೆ? ಎದೆ ನೋಯ್ತಿದೆಯಾ? ಕೂತ್ಕೊಳ್ಳಿ. ಯಾರಾದ್ರೂ ಡಾಕ್ಟ್ರನ್ನ ಕರೀರಿ.”

“ಇಲ್ಲೇ ಇದಾರೆ, ಆದರೆ ಅವರು ಹಲ್ಲಿಗೆ,” ಎಂದ ಬೆಂಚಿನವನೊಬ್ಬ, ಕೆನ್ನೆ ಬಿಡದೆ.

“ನಂಗೇನೂ ಆಗಿಲ್ಲ,” ಎಂದ ಗಾಜಿನಣ್ಣ. “ಸುಮ್ಮನಿರು. ಹೀಗೇ ಆಗುತ್ತೆ. ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ.”

“ಹೀಗೇ ಆಗುತ್ತೆ ಅಂದ್ರೆ? ಯಾವಾಗ ಆಗುತ್ತೆ?”

ಅವನು ಗೋಡೆ ಹುಡುಕಿದ. ಗೋಡೆಯಿದ್ದ ಕಡೆ ಕನ್ನಡಿ ನಿಂತಿತ್ತು, ಅದರಲ್ಲೂ ಅವಳೇ ಇದ್ದಳು.

“ನೀನು ಕೂಗಿದಾಗೆಲ್ಲ,” ಎಂದ.

“ಕೂಗಿದಾಗೆಲ್ಲ? ಮದುವೆ ಆದಾಗಿಂದ?”

“ಹ್ಞೂಂ.”

“ಮತ್ತೆ ಒಂದು ದಿನಾನಾದ್ರೂ ಬಾಯಿಬಿಟ್ಟು ಹೇಳ್ಬಾರದಿತ್ತಾ?”

“ನಡುಗ್ತಾ ಇರೋವಾಗ ಮಾತಾಡಬಾರದಲ್ಲ.” ಇದಕ್ಕಿಂತ ಸರಳವಾದ ವಿಷಯ ಲೋಕದಲ್ಲೇ ಇಲ್ಲ ಎಂಬಂತೆ ಹೇಳಿದ. “ನಿಂತ್ಬಿಡಬೇಕು, ಉಸಿರು ಹಿಡಿಬೇಕು, ತುಟಿ ಬಿಚ್ಚಬಾರದು. ಒಂದು ಮಾತು ಆಚೀಚೆ ಆದ್ರೂ ಬಿದ್ದು ಚೂರಾಗುತ್ತೆ.”

ಸಾಸಿವೆ ಅವನನ್ನೇ ನೋಡಿದಳು. ನಗಬೇಕೋ, ಅಳಬೇಕೋ, ಅಲ್ಲೇ ನಾಲ್ಕು ಬಾರಿಸಬೇಕೋ ಅವಳಿಗೆ ತಿಳಿಯಲಿಲ್ಲ. “ಮಾವ ಹೇಳಿದ್ದು ಗಾಜಿಗೆ ಕಣ್ರೀ,” ಎಂದಳು ಕೊನೆಗೆ. “ಹೆಂಡತಿಗಲ್ಲ.”

ಅವನಿಗೆ ಅದು ಹೊಸ ಸುದ್ದಿ.

“ಆಸ್ಪತ್ರೇಲಿ?” ಎಂದಳು ಅವಳು. ಇಷ್ಟು ದಿನ ಕೂಗಿನೊಳಗೆ ಸುತ್ತಿ ಎಸೆಯುತ್ತಿದ್ದ ಮಾತು ಈಗ ಸಣ್ಣಗೆ ಬಂತು. “ನನ್ನ ಕೈ ಹೊಲೀತಿದ್ರೆ ಕಿಟಕಿ ನೋಡ್ತಾ ನಿಂತಿದ್ರಲ್ಲ.”

“ನಿನ್ನ ಕೈ ನೋಡಿದ್ರೆ ಬಿದ್ದೇಹೋಗ್ತಿದ್ದೆ. ಕಣ್ಣು ಕತ್ತಲೆ ಬರ್ತಿತ್ತು. ಕಿಟಕಿ ಸರಳು ಹಿಡ್ಕೊಂಡು ಉಸಿರು ಕಟ್ಟಿ ನಿಂತಿದ್ದೆ. ನಾನೂ ಬಿದ್ರೆ ನಿನ್ನ ಯಾರು ನೋಡ್ತಾರೆ?”

“ಕೊಡದ ನೀರು?”

“ಬಾಯಿ ಒಣಗುತ್ತೆ ಕಣೇ. ಎಷ್ಟು ಕುಡಿದ್ರೂ ಸಾಲಲ್ಲ. ನೀನು ಕೂಗಿ ಮಲಗಿಬಿಡ್ತೀಯ. ನಂಗೆ ನಿದ್ದೆ ಎಲ್ಲಿಂದ ಬರಬೇಕು? ಕೈ ನಡುಗೋದು ನಿಲ್ಲಲಿ ಅಂತ ಅಂಚು ಉಜ್ತಾ ಕೂರ್ತೀನಿ.”

ತನ್ನ ಸಿಟ್ಟು ಸಿಡಿದು ಆರಿಹೋಗುವುದು, ಅದರಿಂದ ಯಾರಿಗೇನು ತೊಂದರೆ ಎಂದು ಅವಳು ತಿಳಿದಿದ್ದಳು. ತನಗೆ ಆರುತ್ತಿತ್ತು, ಸರಿ. ಅದು ಹೋಗಿ ಬೀಳುತ್ತಿದ್ದದ್ದು ಈ ಎದೆಯೊಳಗೆ, ಅಲ್ಲಿ ಬೆಳಗಿನವರೆಗೆ ಉರಿಯುತ್ತಿತ್ತು. ಇವನು ಕಲ್ಲು ಎಂದು ಊರಿಗೆಲ್ಲ ಸಾರಿದ್ದಳು. ಕಲ್ಲು ಬೆವರುತ್ತಿತ್ತು, ನಡುಗುತ್ತಿತ್ತು, ಕೊಡಗಟ್ಟಲೆ ನೀರು ಕುಡಿಯುತ್ತಿತ್ತು, ತಾನು ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಳು. ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ, ಹೇಳಿದರೆ ನಂಬುತ್ತೀರೋ ಇಲ್ಲವೋ, ಹುಚ್ಚು ಸಂತೋಷವೂ ಉಕ್ಕಿಬಂತು. ಇವನೊಳಗೆ ಏನೂ ಇಲ್ಲ ಎಂದುಕೊಂಡಿದ್ದಳಲ್ಲ, ಒಳಗೆ ಇಡೀ ಒಂದು ಜಾತ್ರೆ ನಡೆಯುತ್ತಿತ್ತು.

“ಈಗ ಮಾತಾಡಿ,” ಎಂದಳು. “ಗಾಜು ಕೆಳಗಿದೆ. ಏನೂ ಬೀಳಲ್ಲ. ಏನನ್ನಿಸುತ್ತೋ ಅದನ್ನ ಹೇಳಿ. ಬೈಯಿರಿ ಬೇಕಾದ್ರೆ.”

“ಏನಂತ?”

“ಬಾಯಿಗೆ ಬಂದದ್ದು.”

ಬೆಂಚಿನವರು ಕೆನ್ನೆಯಿಂದ ಕೈ ತೆಗೆದು ಮುಂದಕ್ಕೆ ಬಗ್ಗಿದರು.

“ನನ್ನ ಗಾಜು ಕೊಯ್ಯೋ ಕಟ್ಟರ್ ತಗೊಂಡು ಪಾರ್ಸೆಲ್ ಬಿಚ್ತೀಯ,” ಎಂದ.

“ಸರಿ, ಮುಂದೆ.”

“ಒದ್ದೆ ಟವಲು ಹಾಸಿಗೆ ಮೇಲೆ ಹಾಕ್ತೀಯ. ನನ್ನ ಕಡೆ.” ದನಿ ಸ್ವಲ್ಪ ಏರಿತು. “ಈ ಕನ್ನಡಿ ಒಂದೇ ತುಂಡಲ್ಲಿ ಬೇಡ ಅಂತ ನಂಗೆ ಮನಸ್ಸಲ್ಲಿ ಅನ್ನಿಸ್ತಿತ್ತು. ಮೇಲಿನ ತುದೀಲಿ ನೀನಿರ್ತೀಯ, ಹೊಲಿಗೆ ಹಾಕಿದ ಕೈ. ಜಾರಿದ್ರೆ ಅಂತ ನಂಗೆ ಭಯ. ಅದನ್ನ ಆ ಮೇಡಂ ಮುಂದೆ ಹೇಗೆ ಹೇಳಲಿ? ನೀನು ಕೇಳ್ತಾನೇ ಇದ್ದೆ, ಕೇಳ್ತಾನೇ ಇದ್ದೆ, ನಂಗೆ ನಾಲಿಗೆ ಹೊರಳಲಿಲ್ಲ. ಅಷ್ಟಕ್ಕೇ ಬ್ಯಾಗ್ ಕಟ್ಟಿದೀಯ.” ಈಗ ಅವನ ಮಾತು ಕಟ್ಟೆ ಒಡೆದು ಬಂತು, ದನಿ ಮೆಟ್ಟಿಲ ಗೋಡೆಗೆ ಬಡಿದು ಮೇಲಕ್ಕೂ ಕೆಳಕ್ಕೂ ಹೋಯಿತು. “ಬೆಳಿಗ್ಗೆಯಿಂದ ಆ ಬ್ಯಾಗ್ ನೋಡಿ ನೋಡಿ ನಂಗೆ ಪ್ರಾಣ ಹೋಗ್ತಿದೆ. ಹೋಗಬೇಡ. ಹೋಗಬೇಡ ಕಣೇ.”

ಎರಡನೇ ಮಹಡಿಯಿಂದ ಡ್ಯಾನ್ಸ್ ಟೀಚರ ತಲೆ ಇಣುಕಿತು. “ಏನದು ಸದ್ದು? ಕನ್ನಡಿ ಒಡೀತಾ?”

“ಕನ್ನಡಿ ಗಟ್ಟಿಯಾಗಿದೆ ಮೇಡಂ,” ಎಂದು ಬೆಂಚಿನವನೇ ಉತ್ತರ ಕೊಟ್ಟ. “ಸ್ವಲ್ಪ ತಾಳಿ, ಜಗಳ ಒಳ್ಳೆ ಜಾಗಕ್ಕೆ ಬಂದಿದೆ.”

ಸಾಸಿವೆಯ ಕಣ್ಣು ತುಂಬಿತ್ತು. ಇಷ್ಟು ವರ್ಷ ಅವನು ಕಾಯಿಸಿದ್ದಾನೆ, ತಾನೂ ಸ್ವಲ್ಪ ಕಾಯಿಸಿದರೆ ತಪ್ಪೇನು? “ಮೊದಲು ಕನ್ನಡಿ ಎತ್ತಿ,” ಎಂದಳು, ಮೂಗು ಒರೆಸಿಕೊಂಡು.

ಉಳಿದ ಮೆಟ್ಟಿಲನ್ನು ಅವರು ಏರಿದ ಬಗೆಯನ್ನು ಆ ಕಟ್ಟಡದವರು ಇನ್ನೂ ಹೇಳಿಕೊಳ್ಳುತ್ತಾರೆ. ಹ್ಞಾಂ ಎಂಬುದರ ಹೊರತು ಗಾಜು ಹೊತ್ತಾಗ ಬಾಯಿಬಿಡದ ಮನುಷ್ಯ ಮೇಲಿನವರೆಗೂ ಮಾತಾಡಿದ. “ಎಡಗಾಲು ನೋಡ್ಕೋ. ಕೈ ನೋಯ್ತಿದ್ರೆ ಹೇಳು. ಹೋದ ವರ್ಷ ನಿಮ್ಮಕ್ಕನ ಎದುರು ನನ್ನನ್ನ ಕಲ್ಲು ಅಂದ್ಯಲ್ಲ, ಅದು ನಂಗೆ ಬೇಜಾರಾಯ್ತು. ಇಲ್ಲಿ ತಿರುವು, ಮೆಲ್ಲಗೆ.” ಮಾವ ಬದುಕಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಗಾಜು ಮಾತ್ರ ಒಂದಿಷ್ಟೂ ನಡುಗಲಿಲ್ಲ. ಸಾಸಿವೆ ಬೆರಳ ತುದಿಯಲ್ಲೇ ಅದನ್ನು ನೋಡಿಕೊಳ್ಳುತ್ತಾ ಏರಿದಳು.

ಗೋಡೆಗೆ ಅಂಟು ಬಳಿದು ಕನ್ನಡಿ ಕೂರಿಸಿದರು. ಅಂಟು ಹಿಡಿಯುವವರೆಗೆ ಅಂಗೈಯಿಂದ ಒತ್ತಿ ನಿಲ್ಲಬೇಕು, ಕದಲುವ ಹಾಗಿಲ್ಲ. ಅವನು ಒಂದು ಕಡೆ, ಅವಳು ಒಂದು ಕಡೆ, ನಾಲ್ಕು ಕೈಯೂ ಕನ್ನಡಿಯ ಮೇಲೆ. ಡ್ಯಾನ್ಸ್ ಟೀಚರು ಕುರ್ಚಿ ಹಾಕುವ ನೆಪದಲ್ಲಿ ಅಲ್ಲೇ ಸುಳಿದಾಡಿದಳು. ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು, ಇಬ್ಬರಿಗೂ ಅದು ಗೊತ್ತಿತ್ತು.

“ಬೇಜಾರಾಯ್ತು ಅಂತೀರಲ್ಲ,” ಎಂದು ಸಾಸಿವೆ ಶುರುಮಾಡಿದಳು, “ನಂಗೆ ಎಷ್ಟು ಬೇಜಾರಾಗಿದೆ ಅಂತ ಗೊತ್ತಾ? ಗೋಡೆ ಜತೆ ಸಂಸಾರ ಮಾಡಿದ ಹಾಗೆ, ಒಂದು ದಿನ ಅಲ್ಲ, ಎರಡು ದಿನ ಅಲ್ಲ...” ಕಿವಿ ಬಿಸಿಯಾಯಿತು, ದನಿ ಏರತೊಡಗಿತು. ಅಷ್ಟರಲ್ಲಿ ಕನ್ನಡಿಯೊಳಗೆ ಅವನ ಕುತ್ತಿಗೆಯ ನರ ಕಂಡಿತು. ಟಕ್ ಟಕ್ ಎಂದು ಕುಣಿಯಲು ಹತ್ತಿತ್ತು. ಸಾಸಿವೆ ದನಿ ಇಳಿಸಿದಳು. ಮಾತು ಬಿಡಲಿಲ್ಲ, ದನಿ ಇಳಿಸಿದಳು, ಆ ನರದ ಮೇಲೆ ಕಣ್ಣಿಟ್ಟುಕೊಂಡೇ ಇದ್ದದ್ದನ್ನೆಲ್ಲ ಹೇಳಿದಳು. ಅವನು ಅತ್ತ ಇತ್ತ ತಿರುಗದೆ ಕನ್ನಡಿಯೊಳಗೆ ಅವಳ ಮುಖವನ್ನೇ ನೋಡುತ್ತಾ ಕೇಳಿದ. ನಡುನಡುವೆ, “ಅದು ಹಾಗಲ್ಲ,” ಎಂದ. ಎದುರು ಮಾತು. ಅವಳಿಗೆ ಕುಣಿಯುವಂತಾಯಿತು, ಕೈ ಮಾತ್ರ ಕನ್ನಡಿಗೆ ಅಂಟಿತ್ತು.

ಆಗ ಅವಳ ಸೊಂಟದ ಚೀಲದಲ್ಲಿ ಫೋನು ಬಡಿದುಕೊಳ್ಳಲು ಶುರುಮಾಡಿತು. ಅಕ್ಕ. ಬಸ್ಸು ಹತ್ತಿದೆಯಾ ಎಂದು ಕೇಳಲು ಇರಬೇಕು. ಸಾಸಿವೆ ಅಲ್ಲಾಡಲಿಲ್ಲ, ಕನ್ನಡಿಯೊಳಗೆ ಗಂಡನನ್ನು ನೋಡಿದಳು. ಫೋನು ಕೂಗುತ್ತಲೇ ಇತ್ತು. ಹೆಂಡತಿಯ ಅಕ್ಕನ ಹತ್ತಿರ ಹ್ಞೂಂ ಬಿಟ್ಟು ಎರಡನೇ ಅಕ್ಷರ ಆಡದ ಗಾಜಿನಣ್ಣ ಒಂದು ಕೈಯನ್ನು ಕನ್ನಡಿಯ ಮೇಲೇ ಒತ್ತಿ, ಇನ್ನೊಂದನ್ನು ಚಾಚಿ ಅವಳ ಚೀಲದಿಂದ ಫೋನು ತೆಗೆದ. ಕೈ ನಡುಗುತ್ತಿತ್ತು, ಚೆನ್ನಾಗಿಯೇ ನಡುಗುತ್ತಿತ್ತು. ಹಾಗೆಯೇ ಕಿವಿಗೆ ಹಿಡಿದ.

“ಅಕ್ಕಾ, ನಾನು,” ಎಂದ. “ಅವಳು ಬರಲ್ಲ. ನಮ್ಮ ಜಗಳ ಈಗಷ್ಟೇ ಶುರುವಾಗಿದೆ.”

ಸಾಸಿವೆ ಕನ್ನಡಿಯಿಂದ ಕೈ ತೆಗೆಯಲಿಲ್ಲ.